ಅಕ್ವೇರಿಯಂಗೆ ಮೀನು ಕೊಳ್ಳುವ ಮುನ್ನ

ಎಲ್ಲ ಸದಸ್ಯರಿಗೂ ನಮಸ್ಕಾರ.

ನಮ್ಮ ವಸತಿ ಸಮುಚ್ಚಯದ ಸಿಹಿನೀರಿನ ಅಕ್ವೇರಿಯಂಗೆ ಮುಂದಿನ ತಿಂಗಳ ಮೊದಲ ಭಾನುವಾರ ಹೊಸ ಮೀನುಗಳನ್ನು ಬಿಡಲಿದ್ದೇವೆ. ಅಲ್ಲಿ ಈಗಾಗಲೇ ನಿಯಾನ್ ಟೆಟ್ರಾ ಎಂಬ ಪುಟ್ಟ ಮೀನುಗಳಿರುವುದರಿಂದ, ಮೀನು ಕೊಡಲಿರುವವರು 24ರಿಂದ 26 ಡಿಗ್ರಿ ಸೆಲ್ಸಿಯಸ್ ನೀರಿಗೆ ಒಗ್ಗುವ, ಶಾಂತ ಸ್ವಭಾವದ ಸಣ್ಣ ಜಾತಿಗಳನ್ನಷ್ಟೇ ಆರಿಸಬೇಕೆಂದು ಕೋರುತ್ತೇನೆ. ಏಂಜೆಲ್ ಮೀನು ಮರಿಯಾಗಿದ್ದಾಗ ಎಷ್ಟೇ ಸಾಧುವಾಗಿ ಕಂಡರೂ, ಬೆಳೆದ ಮೇಲೆ ನಿಯಾನ್‌ಗಳನ್ನು ನುಂಗಬಲ್ಲದು. ಟೈಗರ್ ಬಾರ್ಬ್ ಇತರ ಮೀನುಗಳ ಈಜುರೆಕ್ಕೆ ಕಚ್ಚುತ್ತದೆ. ಗೋಲ್ಡ್‌ಫಿಶ್‌ಗೆ ತಂಪು ನೀರೇ ಹಿತ. ಹಾರ್ಲೆಕ್ವಿನ್ ರಾಸ್ಬೋರಾ ನನ್ನ ಮೊದಲ ಆಯ್ಕೆ, ಆದರೆ ಅದು ಗುಂಪಿನಲ್ಲಿ ಬಾಳುವ ಮೀನಾದ್ದರಿಂದ ಕನಿಷ್ಠ 6 ಬೇಕು.

ತಂದ ಮೀನುಗಳನ್ನು 2 ವಾರ ಬೇರೆ ತೊಟ್ಟಿಯಲ್ಲಿಟ್ಟು, ರೋಗಲಕ್ಷಣವಿಲ್ಲವೆಂದು ಖಚಿತಪಡಿಸಿಕೊಂಡ ಬಳಿಕವೇ ಕೊಡಬೇಕು. ಯಾವ ಜಾತಿ, ಎಷ್ಟು ಎಂಬುದನ್ನು ಕೊಳ್ಳುವ ಮೊದಲೇ, ಈ ಶುಕ್ರವಾರದೊಳಗೆ, ದಯವಿಟ್ಟು ಇಲ್ಲಿ ತಿಳಿಸಿ.