ಹಳೆಯ ಲೇಖನಗಳ ಕೊಂಡಿ ಕಳಚದಿರಲಿ

ಮಾನ್ಯ ಸಂಪಾದಕರೇ,

ನಾನು ನಿವೃತ್ತ ಉಪನ್ಯಾಸಕ. ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಹುಡುಗ ಹುಡುಗಿಯರಿಗೆ ಪ್ರಚಲಿತ ವಿದ್ಯಮಾನಗಳನ್ನು ಹೇಳಿಕೊಡುತ್ತೇನೆ. ಪತ್ರಿಕೆಗಳ ಜಾಲತಾಣಗಳಲ್ಲಿ ಬರುವ ಲೇಖನಗಳನ್ನು ಆರಿಸಿ, ವಿಷಯವಾರು ವಿಂಗಡಿಸಿ, ಅವರಿಗೆ ತಲುಪಿಸುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಈ ಕೆಲಸದಲ್ಲಿ ಕಂಡ ಒಂದು ತೊಡಕಿಗೆ ಪರಿಹಾರ ಬಹುಪಾಲು ಪತ್ರಿಕೆಗಳ ಕೈಯಲ್ಲೇ ಇರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಹಿಂದೆ ಕತ್ತರಿ, ಅಂಟು, ರಟ್ಟಿನ ಫೈಲುಗಳಿಂದ ಆಗುತ್ತಿದ್ದ ಕೆಲಸ ಈಗ ಫೋನಿನಲ್ಲಿ, ಬಹುಮಟ್ಟಿಗೆ ತಾನಾಗಿಯೇ ನಡೆಯುತ್ತದೆ. ಜಾಲತಾಣವು ಹೊಸ ಲೇಖನವನ್ನು ಪ್ರಕಟಿಸಿದಾಗ ಅದರ ಶೀರ್ಷಿಕೆ, ಕೊಂಡಿ, ಪ್ರಕಟಣೆಯ ಸಮಯ ಮತ್ತು ಸಾರಾಂಶವನ್ನು ಆರ್‌ಎಸ್‌ಎಸ್ ಎಂಬ ಫೀಡ್‌ಗೆ, ಅಂದರೆ ಆ್ಯಪ್‌ಗಳು ಓದಬಲ್ಲ ಪಟ್ಟಿಗೆ, ಸೇರಿಸುತ್ತದೆ. 1999ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಹುಟ್ಟಿದ ಈ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ನನ್ನ ಫೋನಿನ ಫೀಡ್ ರೀಡರ್ ಅದನ್ನು ಆಗಾಗ ನೋಡಿ ಹೊಸದನ್ನು ತಂದು ಮುಂದಿಡುತ್ತದೆ. ಓದಿ, ಉಳಿಸಿಕೊಳ್ಳಬೇಕೆನಿಸಿದ್ದಕ್ಕೆ ನಕ್ಷತ್ರದ ಗುರುತು ಹಾಕುತ್ತೇನೆ. ಅಲ್ಲಿಂದ ಮುಂದೆ ನನ್ನ ಕೈಕೆಲಸವಿಲ್ಲ. ಐಎಫ್‌ಟಿಟಿಟಿ, ಝ್ಯಾಪಿಯರ್‌ನಂಥ ಮಧ್ಯವರ್ತಿ ಸೇವೆಯೊಂದು ಆ ಗುರುತನ್ನು ಗಮನಿಸಿ, ಲೇಖನದ ಶೀರ್ಷಿಕೆಯನ್ನೂ ಕೊಂಡಿಯನ್ನೂ ಬುಕ್‌ಮಾರ್ಕ್ ಆ್ಯಪ್‌ಗೆ ಕಳಿಸಿ, ‘ನೀರಾವರಿ’, ‘ಪಂಚಾಯತ್ ರಾಜ್’ ಎಂದು ನಾನು ಮೊದಲೇ ಗೊತ್ತುಮಾಡಿದ ಟ್ಯಾಗನ್ನು ಅಂಟಿಸುತ್ತದೆ. ವಿದ್ಯಾರ್ಥಿಗಳು ಅದೇ ಪಟ್ಟಿಯನ್ನು ತೆರೆದು, ಬೇಕಾದ ಲೇಖನಗಳನ್ನು ಇಂಟರ್‌ನೆಟ್ ಇಲ್ಲದೆಯೂ ಓದಲಾಗುವಂತೆ ಇಳಿಸಿಕೊಳ್ಳುತ್ತಾರೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನವೂ ಚಿಗರಿ ಬಸ್ಸಿನಲ್ಲಿ ಬರುವ ಕೆಲವರು ಆ ಪ್ರಯಾಣದಲ್ಲಿಯೇ ನಾಲ್ಕಾರು ಲೇಖನ ಓದಿ ಮುಗಿಸಿರುತ್ತಾರೆ. ಅವರ ಶ್ರದ್ಧೆ ಕಂಡಾಗಲೆಲ್ಲ ಈ ವ್ಯವಸ್ಥೆ ಎಲ್ಲಿಯೂ ಮುರಿಯಬಾರದೆಂದು ಅನಿಸುತ್ತದೆ.

ಆದರೆ ಮುರಿಯುತ್ತದೆ. ಎರಡು ವರ್ಷಗಳ ಹಿಂದೆ ಒಂದು ಪತ್ರಿಕೆಯ ಜಾಲತಾಣ ಹೊಸ ರೂಪ ಪಡೆದಾಗ, ಅಲ್ಲಿಂದ ನಾವು ಸಂಗ್ರಹಿಸಿದ್ದ ಲೇಖನಗಳ ಮುಕ್ಕಾಲು ಪಾಲು ಕೊಂಡಿಗಳು ಒಂದೇ ದಿನದಲ್ಲಿ ನಿರುಪಯುಕ್ತವಾದವು. ಯಾವುದನ್ನು ಒತ್ತಿದರೂ ಮುಖಪುಟವೇ ತೆರೆದುಕೊಳ್ಳುತ್ತಿತ್ತು. ಮಹದಾಯಿ ವಿಷಯದ ಲೇಖನಗಳೇ ಅವುಗಳಲ್ಲಿ ಹೆಚ್ಚಾಗಿದ್ದವು. 2018ರ ಆಗಸ್ಟ್ 14ರಂದು ನ್ಯಾಯಮಂಡಳಿ ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿ ಅಡಿಯಲ್ಲಿ ಮಲಪ್ರಭೆಗೆ ತಿರುಗಿಸಿಕೊಳ್ಳಲು ಸಿಕ್ಕಿದ್ದು ಕಳಸಾ ಮತ್ತು ಬಂಡೂರಿ ಎರಡೂ ಸೇರಿ 3.9 ಟಿಎಂಸಿ ಅಡಿ ಮಾತ್ರ ಎಂಬುದನ್ನು ಲೆಕ್ಕಸಮೇತ ಬಿಡಿಸಿ ಹೇಳಿದ, ಪರೀಕ್ಷೆಗೂ ನವಲಗುಂದ, ನರಗುಂದ ಕಡೆಯ ರೈತ ಮನೆತನಗಳ ಮಕ್ಕಳ ತಿಳಿವಳಿಕೆಗೂ ಬೇಕಾಗಿದ್ದ ಬರಹಗಳವು. ನಮ್ಮ ಸ್ವಯಂಚಾಲಿತ ವ್ಯವಸ್ಥೆ ಕೊಂಡಿಯನ್ನಷ್ಟೇ ಸಾಗಿಸಿತ್ತು, ಪಠ್ಯವನ್ನಲ್ಲ. ಆ ಲೇಖನಗಳು ಆ ತಾಣದಲ್ಲಿ ಇನ್ನೂ ಇದ್ದವೆಂಬುದು ಹುಡುಕಿದಾಗ ತಿಳಿಯಿತು. ವಿಳಾಸ ಮಾತ್ರ ಬದಲಾಗಿತ್ತು. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ಕಳಿಸುವ ಏರ್ಪಾಡನ್ನು ತಾಣ ಬದಲಿಸುವಾಗಲೇ ಮಾಡಬಹುದಿತ್ತು. ಅದಾಗದ್ದರಿಂದ ಅವನ್ನು ಒಂದೊಂದಾಗಿ ಹುಡುಕಿ ಸೇರಿಸಲು ಮೂವರು ವಿದ್ಯಾರ್ಥಿಗಳು ತಮ್ಮ ಓದು ಬಿಟ್ಟು ಎರಡು ಭಾನುವಾರ ಕುಳಿತರು.

ಇಂಥ ಕಷ್ಟಕ್ಕೆ ಒಳ್ಳೆಯ ಆ್ಯಪ್ ಒಂದನ್ನು ಆರಿಸಿಕೊಂಡರೆ ಸಾಕು ಎಂಬ ಸಲಹೆ ಬರುತ್ತದೆ. ಆದರೆ ಆ್ಯಪ್‌ಗಳ ಆಯುಷ್ಯ ಪತ್ರಿಕೆಗಳಷ್ಟು ದೀರ್ಘವಲ್ಲ. 2005ರಲ್ಲಿ ಬಂದ ಗೂಗಲ್ ರೀಡರ್ ಎಂಬ ಫೀಡ್ ರೀಡರ್ 2013ರ ಜುಲೈ 1ರಂದು ನಿಂತಿತು. 2007ರಲ್ಲಿ ‘ರೀಡ್ ಇಟ್ ಲೇಟರ್’ ಎಂಬ ಹೆಸರಿನಿಂದ ಆರಂಭವಾಗಿ 2012ರಲ್ಲಿ ‘ಪಾಕೆಟ್’ ಆದ, ಲೇಖನಗಳನ್ನು ಉಳಿಸಿಡುವ ಸೇವೆಯನ್ನು 2017ರಲ್ಲಿ ಮೊಜಿಲ್ಲಾ ಕೊಂಡುಕೊಂಡಿತು, 2025ರ ಜುಲೈ 8ರಂದು ಅದೂ ಮುಚ್ಚಿತು. ಹೀಗೆ ಮುಚ್ಚುವ ಸೇವೆಯಿಂದ ನಮ್ಮ ಸಂಗ್ರಹವನ್ನು ಹೊರತೆಗೆದರೆ ಸಿಗುವುದು ಸಾಮಾನ್ಯವಾಗಿ ಶೀರ್ಷಿಕೆ, ಕೊಂಡಿ, ಉಳಿಸಿದ ದಿನಾಂಕ, ಟ್ಯಾಗ್ ಇರುವ ಒಂದು ಪಟ್ಟಿ. ಆ ಪಟ್ಟಿಯನ್ನು ಇನ್ನೊಂದು ಆ್ಯಪ್‌ಗೆ ತುಂಬಿಕೊಳ್ಳುವುದು ಹತ್ತು ನಿಮಿಷದ ಕೆಲಸ. ಆದರೆ ಅದರಲ್ಲಿನ ಕೊಂಡಿ ಬದುಕಿದ್ದರೆ ಮಾತ್ರ ಅದು ಸಂಗ್ರಹ, ಇಲ್ಲವಾದರೆ ಬರಿಯ ಶೀರ್ಷಿಕೆಗಳ ಸಾಲು. ಆ ಕೊಂಡಿಯನ್ನು ಬದುಕಿಸಿಡುವ ಶಕ್ತಿ ಪ್ರಕಟಿಸಿದ ಪತ್ರಿಕೆಗೆ ಬಿಟ್ಟರೆ ಬೇರೆ ಯಾರಿಗೂ ಇಲ್ಲ.

ಕನ್ನಡ ಪತ್ರಿಕೆಗಳ ಮಟ್ಟಿಗೆ ಇನ್ನೂ ಒಂದು ಸಂಗತಿಯಿದೆ. ಹಲವು ತಾಣಗಳು ಇಡೀ ಕನ್ನಡ ಶೀರ್ಷಿಕೆಯನ್ನೇ ಕೊಂಡಿಯೊಳಗೆ ಇಡುತ್ತವೆ. ಬ್ರೌಸರ್‌ನಲ್ಲಿ ಅದು ಓದಲು ಚೆಂದ. ಆದರೆ ಆ್ಯಪ್‌ನಿಂದ ಆ್ಯಪ್‌ಗೆ ಸಾಗುವಾಗ ಪ್ರತಿಯೊಂದು ಕನ್ನಡ ಸಂಕೇತವೂ ಮೂರು ಬೈಟ್‌ಗಳಾಗಿ, ಪ್ರತಿ ಬೈಟ್ ಶೇಕಡಾ ಚಿಹ್ನೆಯೊಡನೆ ಮೂರು ಅಕ್ಷರಗಳಾಗಿ ಹಿಗ್ಗುತ್ತದೆ. ‘ಹುಬ್ಬಳ್ಳಿ’ ಎಂಬ ಪದದಲ್ಲಿ ವ್ಯಂಜನ, ಸ್ವರಚಿಹ್ನೆ, ಹಲಂತಗಳೆಲ್ಲ ಸೇರಿ ಒಂಬತ್ತು ಸಂಕೇತಗಳಿವೆ. ಕೊಂಡಿಯಲ್ಲಿ ಅದೊಂದೇ ಪದ 81 ಅಕ್ಷರಗಳ ಜಾಗ ಹಿಡಿಯುತ್ತದೆ. ಎಂಟು ಪದಗಳ ಶೀರ್ಷಿಕೆಯ ಕೊಂಡಿ ಎಷ್ಟು ಉದ್ದವಾಗುತ್ತದೆಂದು ತಾವೇ ಊಹಿಸಬಹುದು. ದಾರಿಯ ಯಾವುದೋ ಹಂತದಲ್ಲಿ ಅದರ ಬಾಲ ತುಂಡಾದರೆ ಲೇಖನ ಸಿಗುವುದಿಲ್ಲ. ಮುಂದೆ ಉಪಸಂಪಾದಕರು ಶೀರ್ಷಿಕೆಯಲ್ಲಿ ಒಂದು ಪದ ತಿದ್ದಿದರೆ ಕೆಲವು ತಾಣಗಳಲ್ಲಿ ಕೊಂಡಿಯೇ ಬದಲಾಗಿ, ಅದೇ ಲೇಖನ ನಮ್ಮ ಪಟ್ಟಿಯಲ್ಲಿ ಎರಡಾಗುತ್ತದೆ. ಪ್ರತಿ ಲೇಖನಕ್ಕೂ ಎಂದೂ ಬದಲಾಗದ ಒಂದು ಕ್ರಮಸಂಖ್ಯೆ ಕೊಟ್ಟು, ಆ ಸಂಖ್ಯೆಯಿಂದಲೇ ಲೇಖನ ತೆರೆಯುವಂತೆ ಮಾಡಿದರೆ ಈ ಎರಡು ಕಷ್ಟಗಳೂ ತಪ್ಪುತ್ತವೆ.

ಸಮಯದ ದೋಷ ಸಣ್ಣದೆಂದು ತೋರಬಹುದು. ಫೀಡ್‌ನಲ್ಲಿ ನಮ್ಮ ಗಡಿಯಾರದ ಸಮಯವನ್ನು ಬರೆದು, ಅದು ಗ್ರೀನಿಚ್ ಸಮಯವೆಂದು ಗುರುತಿಸಿದರೆ, ಲೇಖನ ಐದೂವರೆ ಗಂಟೆ ಮುಂದೆ ಹೋಗುತ್ತದೆ. ಸಂಜೆ ಆರೂವರೆಯ ನಂತರ ಪ್ರಕಟವಾದುದೆಲ್ಲ ಮರುದಿನದ ಕಟ್ಟಿಗೆ ಸೇರುತ್ತದೆ. ದಿನಾಂಕವನ್ನೇ ನೆಚ್ಚಿ ಟಿಪ್ಪಣಿ ಮಾಡಿಕೊಳ್ಳುವ ವಿದ್ಯಾರ್ಥಿಗೆ ಇದು ತಪ್ಪು ಉತ್ತರವಾಗಬಲ್ಲದು.

ಓದುಗರ ಕಡೆಯಿಂದಲೂ ಎಚ್ಚರ ಬೇಕು ಎಂಬುದನ್ನು ಒಪ್ಪುತ್ತೇನೆ. ಪಾಸ್‌ವರ್ಡ್ ಬದಲಿಸಿದ ಮೇಲೆ ಮಧ್ಯವರ್ತಿ ಸೇವೆಗೆ ಕೊಟ್ಟ ಅನುಮತಿ ರದ್ದಾಗಿ, ಸಾಗಣೆ ಸದ್ದಿಲ್ಲದೆ ನಿಂತುಹೋಗುವುದುಂಟು. ವಾರಕ್ಕೊಮ್ಮೆಯಾದರೂ ಪಟ್ಟಿ ಬೆಳೆಯುತ್ತಿದೆಯೇ ಎಂದು ನೋಡಬೇಕು. ಎರಡು ಆ್ಯಪ್‌ಗಳ ನಡುವೆ ಎರಡೂ ದಿಕ್ಕಿನ ಸಾಗಣೆ ಇಟ್ಟರೆ ಒಂದೇ ಲೇಖನ ಸುತ್ತುತ್ತ ಹಲವಾಗಬಹುದಾದ್ದರಿಂದ ಒಂದೇ ದಿಕ್ಕು ಸಾಕು. ಪದಗಳನ್ನು ಕೊಟ್ಟು ಲೇಖನ ಆರಿಸುವ ನಿಯಮ ಬರೆಯುವಾಗ ಕನ್ನಡದ ವಿಭಕ್ತಿಗಳನ್ನು ಮರೆಯುವಂತಿಲ್ಲ. ‘ನೀರು’ ಎಂದು ಬರೆದರೆ ‘ನೀರಿನ’, ‘ನೀರಿಗೆ’ ಎಂಬ ರೂಪಗಳು ತಪ್ಪಿಹೋಗುತ್ತವೆ. ‘ನೀರ’ ಎಂದಷ್ಟೇ ಬರೆದರೆ ಎಲ್ಲವೂ ಸಿಗುತ್ತವೆ, ಆದರೆ ಜಾವೆಲಿನ್ ಪಟು ನೀರಜ್ ಅವರ ಸುದ್ದಿಯೂ ನೀರಾವರಿಯ ಪಟ್ಟಿಗೆ ಬರುತ್ತದೆ. ಮಹದಾಯಿಯನ್ನು ‘ಮಹಾದಾಯಿ’ ಎಂದೂ ಬರೆಯುವವರಿರುವುದರಿಂದ ಎರಡು ರೂಪಗಳನ್ನೂ ಕೊಡಬೇಕು. ಇವೆಲ್ಲ ನಾವು ಕಲಿತು ಸರಿಪಡಿಸಿಕೊಳ್ಳಬಹುದಾದವು. ಆದರೆ ಫೀಡ್ ಇಲ್ಲದ ತಾಣದ ಎದುರು, ಕೊಂಡಿ ಕಳಚಿದ ಲೇಖನದ ಎದುರು ನಾವು ಮಾಡುವಂಥದ್ದು ಏನೂ ಇಲ್ಲ.

ಫೀಡ್ ಕೊಟ್ಟರೆ ಓದುಗರು ತಾಣಕ್ಕೇ ಬರುವುದಿಲ್ಲ, ಜಾಹೀರಾತಿನ ಆದಾಯ ತಪ್ಪುತ್ತದೆ ಎಂಬ ಆತಂಕ ಪತ್ರಿಕೆಗಳಿಗೆ ಇರುವುದು ಸಹಜ. ಪೂರ್ಣ ಪಠ್ಯವನ್ನೇ ಫೀಡ್‌ನಲ್ಲಿ ಕೊಡಬೇಕೆಂದು ನಾನು ಕೇಳುತ್ತಿಲ್ಲ. ನಾಲ್ಕು ವಾಕ್ಯಗಳ ಸರಿಯಾದ ಸಾರಾಂಶವಿದ್ದರೆ, ಬೇಕಾದವರು ಕೊಂಡಿ ಹಿಡಿದು ತಮ್ಮಲ್ಲಿಗೇ ಬರುತ್ತಾರೆ, ಅದೂ ಪ್ರಕಟವಾದ ದಿನ ಮಾತ್ರವಲ್ಲ, ಪರೀಕ್ಷೆ ಹತ್ತಿರವಾದಾಗ ಮತ್ತೊಮ್ಮೆ ಬರುತ್ತಾರೆ. ಚಂದಾದಾರರಿಗೆ ಅವರದೇ ಗುಪ್ತ ವಿಳಾಸವುಳ್ಳ ಪೂರ್ಣ ಫೀಡ್ ಕೊಡುವ ದಾರಿಯೂ ಇದೆ, ಅದಕ್ಕೆ ಹಣ ಕೊಡಲು ನಾನಂತೂ ಸಿದ್ಧನಿದ್ದೇನೆ.

ಆದ್ದರಿಂದ ತಮ್ಮ ಪತ್ರಿಕೆಯ ಜಾಲತಾಣದಲ್ಲಿ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸುದ್ದಿಗೂ ಸಂಪಾದಕೀಯ ಪುಟಕ್ಕೂ ಪ್ರತ್ಯೇಕ ಫೀಡ್‌ಗಳನ್ನು ಕೊಟ್ಟು, ಅವುಗಳ ವಿಳಾಸವನ್ನು ಎಲ್ಲರಿಗೂ ಕಾಣುವ ಕಡೆ ಪ್ರಕಟಿಸಬೇಕೆಂದೂ, ತಾಣದ ರೂಪ ಬದಲಿಸುವಾಗ ಹಳೆಯ ಕೊಂಡಿಗಳೆಲ್ಲ ಹೊಸ ವಿಳಾಸಕ್ಕೆ ಮುಟ್ಟುವಂತೆ ತಮ್ಮ ತಾಂತ್ರಿಕ ವಿಭಾಗಕ್ಕೆ ಸೂಚಿಸಬೇಕೆಂದೂ ವಿನಂತಿಸುತ್ತೇನೆ. ಫೀಡ್‌ನ ವಿಳಾಸ ಪ್ರಕಟವಾದ ದಿನವೇ ಅದನ್ನು ನಮ್ಮ ಪಟ್ಟಿಗೆ ಸೇರಿಸಿ, ಒಂದು ತಿಂಗಳು ಬಳಸಿ, ಎಲ್ಲೆಲ್ಲಿ ದೋಷ ಕಂಡಿತೆಂಬುದನ್ನು ವಿದ್ಯಾರ್ಥಿಗಳೊಡನೆ ಕುಳಿತು ಬರೆದು ಕಳಿಸಿಕೊಡುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಉಪನ್ಯಾಸಕ
ಸಪ್ತಾಪುರ, ಧಾರವಾಡ