ಏಜೆಂಟರಿಗೆ ಅಡ್ವಾನ್ಸ್ ಕೊಡಬೇಡಿ ಅಪ್ಪ

ನಿಶಿ ಕಸಾಯ್, ಟೋಕಿಯೊ
20 ಜುಲೈ 2025

ಪ್ರೀತಿಯ ಅಪ್ಪ, ಅಮ್ಮ,

ಇಬ್ಬರಿಗೂ ನಮಸ್ಕಾರ. ನಾವಿಲ್ಲಿ ಚೆನ್ನಾಗಿದ್ದೇವೆ. ಮಳೆ ಮುಗಿದು ಈಗ ವಿಪರೀತ ಸೆಕೆ. ಪುಟ್ಟಿಗೆ ಬೇಸಿಗೆ ರಜೆ. ನವೆಂಬರ್‌ನಲ್ಲಿ ಅಜ್ಜಿ ತಾತ ಬರ್ತಾರೆ ಎಂದು ಈಗಲೇ ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ಕಳಿಸಿದ ಜಪಾನ್ ಟೂರ್ ಪ್ಯಾಕೇಜಿನ ಹಾಳೆಗಳನ್ನು ಪೂರ್ತಿ ಓದಿದೆ. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ನಿಲ್ಲುತ್ತದೆ. ಲೆಕ್ಕ ಎಲ್ಲ ಬರಹದಲ್ಲಿದ್ದರೆ ನೀವು ಚಿಕ್ಕಪ್ಪನ ಜೊತೆ ಕೂತು ನೋಡಬಹುದು, ಅದಕ್ಕೇ ಈ ಪತ್ರ. ಮೊದಲಿಗೆ ಒಂದೇ ಮಾತು. ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲದಿದ್ದರೆ ದಯವಿಟ್ಟು ಕೊಡಬೇಡಿ.

ಒಬ್ಬರಿಗೆ 2,40,000 ರೂಪಾಯಿ. ನೀವಿಬ್ಬರು, ಚಿಕ್ಕಪ್ಪ, ಚಿಕ್ಕಮ್ಮ ಸೇರಿ ನಾಲ್ಕು ಜನಕ್ಕೆ 9,60,000. ಹಾಳೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಜಿಎಸ್‌ಟಿ, ಟಿಸಿಎಸ್ (ಆದಾಯ ತೆರಿಗೆಗೆಂದು ಮುಂಗಡ ಹಿಡಿಯುವ ದುಡ್ಡು) ಬೇರೆ ಎಂದಿದೆ, ನೋಡಿದಿರಾ? ಟೂರ್ ಪ್ಯಾಕೇಜಿಗೆ ಜಿಎಸ್‌ಟಿ ನೂರಕ್ಕೆ 5. ವಿದೇಶ ಪ್ಯಾಕೇಜಾದರೆ ಟಿಸಿಎಸ್ ಎಂದು 2025ರ ದರದಲ್ಲಿ ಇನ್ನೊಂದು 5. ಎರಡೂ ಸೇರಿ ಹತ್ತಿರ ಹತ್ತಿರ ಒಂದು ಲಕ್ಷ. ಟಿಸಿಎಸ್ ದುಡ್ಡು ವಾಪಸ್ ಬರುತ್ತದೆ ಎಂದು ಏಜೆಂಟರು ಹೇಳಿರಬಹುದು. ಬರುತ್ತದೆ ನಿಜ. ಆದರೆ ಅದಕ್ಕೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಬೇಕು. ತೋಟದ ಆದಾಯ ಬಿಟ್ಟು ಬೇರೇನೂ ಇಲ್ಲದ ನೀವು ಯಾವತ್ತು ರಿಟರ್ನ್ ಹಾಕಿದ್ದೀರಿ? ಬರೀ ವಿಮಾನದ ಟಿಕೆಟ್ ಕೊಂಡರೆ ಈ ಟಿಸಿಎಸ್ ಗೊಡವೆಯೇ ಇಲ್ಲ.

ಈ ಸಲ ಕೊಬ್ಬರಿಗೆ ಒಳ್ಳೆ ರೇಟು ಬಂತು, ಖರ್ಚಿಗೆ ಯೋಚನೆ ಇಲ್ಲ ಎಂದು ನೀವು ಹೇಳಿದ್ದು ನನಗೆ ನೆನಪಿದೆ. ಅದಕ್ಕೇ ಇನ್ನೂ ಸಂಕಟ. ಎಷ್ಟು ವರ್ಷ ಕಾದ ಮೇಲೆ ಬಂದ ರೇಟು ಅದು! ನಮ್ಮ ಕೊಬ್ಬರಿ ತಿಪಟೂರಿನಿಂದ ಉತ್ತರದ ಯಾವುದೋ ಅಂಗಡಿ ಸೇರುವಷ್ಟರಲ್ಲಿ ಎಷ್ಟು ಕೈ ದಾಟುತ್ತದೆ, ಪ್ರತಿ ಕೈಯೂ ಎಷ್ಟು ಉಳಿಸಿಕೊಳ್ಳುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಈ ಪ್ಯಾಕೇಜೂ ಹಾಗೇ. ಊರಿನ ಏಜೆಂಟರು ಬೆಂಗಳೂರಿನ ಕಂಪನಿಗೆ ಕೊಡುತ್ತಾರೆ. ಅವರು ಮುಂಬಯಿಯವರಿಗೋ ದೆಹಲಿಯವರಿಗೋ ಕೊಡುತ್ತಾರೆ. ಅವರು ಟೋಕಿಯೊದಲ್ಲಿರುವ ಇನ್ನೊಬ್ಬರಿಗೆ ವಹಿಸುತ್ತಾರೆ. ಆ ಕೊನೆಯವರು ಕೊಳ್ಳುವ ರೈಲು ಟಿಕೆಟ್ಟನ್ನು ನಾನು ಮನೆಯಿಂದಲೇ, ಅದೇ ಬೆಲೆಗೆ ಕೊಳ್ಳಬಹುದು.

ಏಜೆಂಟರು ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಅವರಿಗೂ ಜಪಾನ್ ಗೊತ್ತಿಲ್ಲ, ಅಷ್ಟೇ. ಮೇಲಿನವರು ಕಳಿಸಿದ್ದನ್ನು ಲೆಟರ್‌ಹೆಡ್ ಮೇಲೆ ಪ್ರಿಂಟ್ ಮಾಡಿ ಕೊಟ್ಟಿದ್ದಾರೆ. ಇಲ್ಲದಿದ್ದರೆ ಮಗಳ ಮನೆ ಇರುವ ಟೋಕಿಯೊದಲ್ಲಿ ನಿಮಗೆ ಮೂರು ರಾತ್ರಿ ಹೋಟೆಲು ಹಾಕುತ್ತಿದ್ದರಾ? ಅದೂ ಯಾವ ಹೋಟೆಲು ಎಂದು ಖಚಿತವಿಲ್ಲ. ಹೆಸರಿನ ಮುಂದೆ 'ಅಥವಾ ಅಂಥದ್ದೇ ಇನ್ನೊಂದು' ಎಂದು ಸೇರಿಸಿದ್ದಾರೆ. ಆ ಇನ್ನೊಂದು ಊರಾಚೆ ವಿಮಾನ ನಿಲ್ದಾಣದ ಪಕ್ಕದಲ್ಲಿದ್ದರೂ ನೀವು ಕೇಳುವ ಹಾಗಿಲ್ಲ.

ಎಲ್ಲಕ್ಕಿಂತ ನನಗೆ ಸಿಟ್ಟು ಬಂದದ್ದು ರೈಲಿನ ಪಾಸ್ ನೋಡಿ. ನಾಲ್ಕು ಜನಕ್ಕೂ ಏಳು ದಿನದ ಜೆಆರ್ ಪಾಸ್ (ಜಪಾನ್ ರೈಲ್ವೆಯಲ್ಲಿ ಎಷ್ಟು ಸಲ ಬೇಕಾದರೂ ಓಡಾಡುವ ಪಾಸ್) ಹಾಕಿದ್ದಾರೆ. ಇದು ಒಂದು ಕಾಲದಲ್ಲಿ ನಿಜಕ್ಕೂ ಲಾಭವೇ ಇತ್ತು, 29,650 ಯೆನ್. 2023ರ ಅಕ್ಟೋಬರ್‌ನಲ್ಲಿ ಅದು 50,000 ಯೆನ್ ಆಯಿತು. ನೀವು ಹೋಗುವುದು ಟೋಕಿಯೊದಿಂದ ಕ್ಯೋಟೋಗೆ, ಅಲ್ಲಿಂದ ವಾಪಸ್. ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ರಿಸರ್ವ್ ಸೀಟಿಗೆ ಒಂದು ಸಲಕ್ಕೆ ಸುಮಾರು 14,000 ಯೆನ್. ಹೋಗಿ ಬರಲು 28,000. ನಾಲ್ಕು ಜನಕ್ಕೆ 1,12,000 ಚಿಲ್ಲರೆ. ಪಾಸ್ ಕೊಂಡರೆ 2,00,000. ನೂರು ಯೆನ್ ಎಂದರೆ ನಮ್ಮ 55-60 ರೂಪಾಯಿ ಎಂದು ಹಿಡಿದರೂ, ಸುಮ್ನೆ ಹೆಚ್ಚು ಕಡಿಮೆ ಅರ್ಧ ಲಕ್ಷ ಕೈಬಿಟ್ಟ ಹಾಗಾಯಿತು. ಅಷ್ಟು ಕೊಟ್ಟ ಮೇಲೂ ಎಲ್ಲಕ್ಕಿಂತ ಬೇಗ ಹೋಗುವ ನೊಝೋಮಿ ರೈಲು ಹತ್ತಬೇಕೆಂದರೆ ಪಾಸ್ ಇದ್ದವರು ಕ್ಯೋಟೋಗೆ 4,960 ಯೆನ್ ಮೇಲೆ ಕಟ್ಟಬೇಕು. ಇದು ಆ ಹಾಳೆಯಲ್ಲಿ ಎಲ್ಲೂ ಇಲ್ಲ.

ಟಿಕೆಟ್ ಸಿಗದೇ ಹೋದರೆ ಎಂಬ ಭಯ ಬೇಡ. ಸ್ಟೇಷನ್ನಿನ ಕೌಂಟರಿನಲ್ಲಿ ಒಂದು ತಿಂಗಳು ಮುಂಚೆ ಬೆಳಿಗ್ಗೆ 10 ಗಂಟೆಗೆ ಮಾರಾಟ ಶುರುವಾಗುತ್ತದೆ. ರೈಲ್ವೆಯವರದ್ದೇ ಆ್ಯಪಿನಲ್ಲಿ ಇನ್ನೂ ಮುಂಚೆಯೇ ಹೇಳಿಡಬಹುದು. ಗಂಟೆಗೆ ಎಷ್ಟೋ ರೈಲುಗಳಿವೆ. ಎರಡೂಕಾಲು ಗಂಟೆಯ ಪ್ರಯಾಣ. ಹೋಗುವಾಗ ನಿಮಗೆ ಬಲಗಡೆ ಕಿಟಕಿ, ಇ ಸೀಟು ಹಿಡಿಯುತ್ತೇನೆ. ಮೋಡ ಇಲ್ಲದಿದ್ದರೆ ಮುಕ್ಕಾಲು ಗಂಟೆಯೊಳಗೆ ಆ ಕಡೆಯೇ ಫುಜಿ ಬೆಟ್ಟ ಕಾಣುತ್ತದೆ. ದೊಡ್ಡ ಸೂಟ್‌ಕೇಸನ್ನು ರೈಲಿನಲ್ಲಿ ಎತ್ತಿ ಇಳಿಸುವ ಕೆಲಸವೂ ಬೇಡ. ಹಿಂದಿನ ದಿನ ಇಲ್ಲಿ ಕೊರಿಯರ್‌ನವರಿಗೆ ಕೊಟ್ಟರೆ ಮಾರನೆ ದಿನ ಕ್ಯೋಟೋದ ಹೋಟೆಲಿಗೇ ತಲುಪಿಸುತ್ತಾರೆ. ಒಂದಕ್ಕೆ ಎರಡು ಮೂರು ಸಾವಿರ ಯೆನ್. ಇಂಥದ್ದಕ್ಕೆ ದುಡ್ಡು ಕೊಡಲು ನನಗೆ ಸ್ವಲ್ಪವೂ ಬೇಜಾರಿಲ್ಲ. ನಿಮ್ಮ ಸೊಂಟಕ್ಕೆ ಆಗುವ ಉಪಕಾರ ಅದು.

ಫುಜಿ ನೋಡುವ ದಿನವನ್ನೂ ಅವರು ತಾರೀಖು ಸಮೇತ ಬರೆದುಬಿಟ್ಟಿದ್ದಾರೆ. ನಾಲ್ಕು ತಿಂಗಳು ಮುಂಚೆ! ಫುಜಿ ಕಾಣುವುದು ಬಿಡುವುದು ಆ ದಿನದ ಮೋಡದ ಮೇಲೆ. ಇಷ್ಟು ದೂರ ಬಂದು ಬಸ್ಸಿನಲ್ಲಿ ಕೂತು ಬಿಳಿ ಮಂಜು ನೋಡಿಕೊಂಡು ವಾಪಸ್ ಹೋದವರನ್ನು ನಾನೇ ಕಂಡಿದ್ದೇನೆ. ನಾವಾದರೆ ಎರಡು ದಿನ ಮೊದಲು ಹವಾಮಾನ ನೋಡಿ ಹೊರಡುತ್ತೇವೆ. ಶಿಂಜುಕು ಬಸ್ ಸ್ಟ್ಯಾಂಡಿನಿಂದ ಕವಾಗುಚಿ ಕೆರೆಗೆ ನೇರ ಬಸ್ ಇದೆ. ಎರಡು ಗಂಟೆ ದಾರಿ, ಒಬ್ಬರಿಗೆ ಸುಮಾರು 2,200 ಯೆನ್. ನವೆಂಬರ್‌ನಲ್ಲಿ ಆಕಾಶ ಹೆಚ್ಚಾಗಿ ತಿಳಿಯಾಗೇ ಇರುತ್ತದೆ. ಆಗ ಕೆರೆ ದಂಡೆಯ ಮರಗಳೆಲ್ಲ ಕೆಂಪಾಗಿರುತ್ತವೆ.

ನನ್ನ ಜೊತೆ ಕೆಲಸ ಮಾಡುವ ಹುಬ್ಬಳ್ಳಿ ಹುಡುಗಿಯ ಅಪ್ಪ ಅಮ್ಮ ಹೋದ ವರ್ಷ ಇಂಥದ್ದೇ ಗುಂಪಿನಲ್ಲಿ ಬಂದಿದ್ದರು. ದೇವಸ್ಥಾನಕ್ಕೆ ಅರ್ಧ ಗಂಟೆ, ತೆರಿಗೆ ಇಲ್ಲದ ಸಾಮಾನಿನ ಅಂಗಡಿಗೆ ಒಂದೂವರೆ ಗಂಟೆ. ಪಾಪ, ಮಗಳ ಮನೆಗೆ ಊಟಕ್ಕೆ ಬರಲೂ ಗೈಡ್ ಹತ್ತಿರ ಅನುಮತಿ ಕೇಳಬೇಕಾಯಿತಂತೆ. ಇದನ್ನು ಕೇಳಿದಾಗಿನಿಂದ ನಿಮಗೆ ಹಾಗಾಗಬಾರದು ಎಂದು ನನ್ನ ಮನಸ್ಸಿನಲ್ಲಿತ್ತು.

ಅಮ್ಮ, ಇದು ನಿನಗೆ. ಸಸ್ಯಾಹಾರಕ್ಕೆ ಏನು ಗತಿ ಎಂದು ಹೆದರಿಯೇ ನೀವೆಲ್ಲ ಪ್ಯಾಕೇಜಿಗೆ ಒಪ್ಪಿದ್ದು ಅಂತ ನನಗೆ ಗೊತ್ತು. ನಿನ್ನ ಹೆದರಿಕೆ ಸುಳ್ಳಲ್ಲ. ಇಲ್ಲಿ ನೋಡಲು ಬರೀ ತರಕಾರಿ ಕಂಡರೂ ಸಾರಿನಲ್ಲಿ ಒಣ ಮೀನಿನ ರಸ ಇರುತ್ತದೆ. ಉಡೋನ್ ಎನ್ನುವ ಶ್ಯಾವಿಗೆಯಲ್ಲೂ ಇರುತ್ತದೆ. ಹಾಗಂತ ದಿನಾ ರಾತ್ರಿ ಬಸ್ಸಿನಲ್ಲಿ ಕರೆದೊಯ್ದು ಅದೇ ಪನೀರು ಅದೇ ನಾನ್ ಬಡಿಸುವುದಕ್ಕೆ ಅಷ್ಟು ದುಡ್ಡು ಕೊಡಬೇಕಾ? ಟೋಕಿಯೊದಲ್ಲಿ ನಮ್ಮ ಮನೆ ಇದೆ. ನಿಶಿ ಕಸಾಯ್ ತುಂಬಾ ನಮ್ಮವರೇ. ತೊಗರಿಬೇಳೆ, ಹುಣಸೆಹಣ್ಣು, ಇಡ್ಲಿ ಅಕ್ಕಿ ಎಲ್ಲ ನಡೆದುಹೋಗಿ ತರುವಷ್ಟು ಹತ್ತಿರ ಸಿಗುತ್ತದೆ. ಕ್ಯೋಟೋದಲ್ಲಿ ಸಣ್ಣ ಅಡುಗೆಮನೆ ಇರುವ ಜಾಗ ನೋಡಿಟ್ಟಿದ್ದೇನೆ. ಬೆಳಿಗ್ಗೆ ಉಪ್ಪಿಟ್ಟು ಮಾಡಿಕೊಂಡು ಹೊರಡೋಣ. ಬೌದ್ಧ ಮಠಗಳ ಕಡೆ ಶೋಜಿನ್ ರ್‍ಯೋರಿ ಎಂಬ ಊಟ ಸಿಗುತ್ತದೆ, ಮೀನು ಮಾಂಸ ಮುಟ್ಟದ್ದು, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ್ದು. ಒಂದು ದಿನವಾದರೂ ನಿನಗೆ ಅದನ್ನು ತಿನ್ನಿಸಬೇಕು. ಚಟ್ನಿಪುಡಿ, ಅವಲಕ್ಕಿ ಎಷ್ಟು ಬೇಕಾದರೂ ತಾ. ಹಸಿ ಕರಿಬೇವು, ಹಣ್ಣು ಮಾತ್ರ ತರಬೇಡ. ಸರ್ಟಿಫಿಕೇಟ್ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತೆಗೆದುಕೊಂಡುಬಿಡುತ್ತಾರೆ.

ಇನ್ನೊಂದು ವಿಷಯ. ಅಸಾಕುಸದ ದೊಡ್ಡ ಸೆನ್ಸೋಜಿ ದೇವಸ್ಥಾನ ಅವರ ಹಾಳೆಯಲ್ಲಿದೆ. ಅಲ್ಲಿಂದ ಸ್ವಲ್ಪ ನಡೆದರೆ ಮತ್ಸುಚಿಯಾಮ ಎಂಬ ಸಣ್ಣ ಗುಡ್ಡ, ಅದರ ಮೇಲೊಂದು ಗುಡಿ. ಅಲ್ಲಿನ ದೇವರು ಕಾಂಗಿತೆನ್. ನಮ್ಮ ಗಣಪತಿಯೇ ಅಮ್ಮ. ಮೂರ್ತಿಯನ್ನು ತೋರಿಸುವುದಿಲ್ಲ. ಜನ ಬಿಳಿ ಮೂಲಂಗಿ ಇಟ್ಟು ಕೈಮುಗಿಯುತ್ತಾರೆ. ಉಎನೊ ಕೆರೆಯ ನಡುವೆ ಬೆಂಜಾಯ್‌ತೆನ್ ಗುಡಿ ಇದೆ, ಅವಳು ಸರಸ್ವತಿ. ಎರಡಕ್ಕೂ ಟಿಕೆಟ್ ಇಲ್ಲ. ಬಸ್ಸಿನವರು ಯಾರೂ ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗುವುದಿಲ್ಲ.

ಅಪ್ಪ, ನಿಮಗೆ ಕ್ಯೋಟೋ ಹತ್ತಿರದ ನಾರಾ ತೋರಿಸಬೇಕೆಂದು ನನಗೆ ಬಹಳ ಆಸೆ. ಹಾಳೆಯಲ್ಲಿ ನಾರಾ ಎಂದರೆ ಜಿಂಕೆಗಳ ಜೊತೆ ಫೋಟೋ, ಮುಂದಿನ ಊರಿಗೆ ಓಟ. ಅಲ್ಲಿನ ತೋದಾಯ್‌ಜಿ ದೇವಸ್ಥಾನದ ಬುದ್ಧ ಕೂತೇ ಹದಿನೈದು ಮೀಟರ್ ಎತ್ತರ. 752ರಲ್ಲಿ ಆ ವಿಗ್ರಹಕ್ಕೆ ಕಣ್ಣು ತೆರೆಸುವ ಪೂಜೆ ಮಾಡಿದ್ದು ನಮ್ಮ ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ಕುಂಚದಿಂದ ಬುದ್ಧನ ಕಣ್ಣು ಬರೆದರಂತೆ. ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಸಮುದ್ರ ದಾಟಿ ಬಂದ ಮನುಷ್ಯ! ಇತಿಹಾಸ ಎಂದರೆ ಊಟ ಬಿಡುವ ನೀವು ಅಲ್ಲಿ ಅರ್ಧ ಗಂಟೆಯಲ್ಲಿ ಹೊರಗೆ ಬರುತ್ತೀರಾ? ಒಳಗೆ ಹೋಗಲು 800 ಯೆನ್. ಕ್ಯೋಟೋದಿಂದ ರೈಲಿಗೆ ಸಾವಿರ ಯೆನ್ನೂ ಆಗುವುದಿಲ್ಲ. ನಾರಾದಲ್ಲಿ ಇಂಗ್ಲಿಷ್‌ನಲ್ಲಿ ವಿವರಿಸುವ ಸ್ವಯಂಸೇವಕ ಗೈಡ್‌ಗಳೂ ಇದ್ದಾರೆ. ಮೊದಲೇ ಹೇಳಿಟ್ಟರೆ ಬರುತ್ತಾರೆ. ಅವರಿಗೆ ಫೀಸ್ ಇಲ್ಲ, ಓಡಾಟದ ಖರ್ಚು, ಊಟ ನೋಡಿಕೊಂಡರೆ ಸಾಕು. ನಿವೃತ್ತರಾದ ಮೇಷ್ಟ್ರು ಯಾರಾದರೂ ಸಿಕ್ಕರೆ ನೀವಿಬ್ಬರೂ ಸಂಜೆವರೆಗೆ ಮಾತಾಡುತ್ತಲೇ ಇರುತ್ತೀರಿ.

ಅಮ್ಮನ ಮಂಡಿ ನೋವಿಗೂ ಯೋಚಿಸಿದ್ದೇನೆ. ಕ್ಯೋಟೋದ ಸಿಟಿ ಬಸ್ಸುಗಳು ಆ ಸೀಸನ್ನಿನಲ್ಲಿ ಬಹಳ ರಶ್. ದೂರದ್ದಕ್ಕೆ ರೈಲು, ಕೊನೆಯ ಒಂದೆರಡು ಕಿಲೋಮೀಟರಿಗೆ ಟ್ಯಾಕ್ಸಿ. ಮೀಟರ್ ಎಷ್ಟು ತೋರಿಸುತ್ತದೋ ಅಷ್ಟೇ ಕೊಡುವುದು. ಚೌಕಾಸಿ ಇಲ್ಲ, ಟಿಪ್ಸೂ ಇಲ್ಲ. ಫುಶಿಮಿ ಇನಾರಿ ಗುಡಿಯ ಕೆಂಪು ಕಮಾನುಗಳ ದಾರಿ ಬೆಟ್ಟದ ತುದಿವರೆಗೂ ಹೋಗುತ್ತದೆ. ನಾವು ಕೆಳಗಿನ ಸಾಲು ನೋಡಿ ಬರೋಣ. ಅಲ್ಲಿಗೂ ಟಿಕೆಟ್ ಇಲ್ಲ.

ವೀಸಾಗೆ ಅಂತ ಏಜೆಂಟರು ತಲೆಗೆ ಇಷ್ಟು ಎಂದು ಹಾಕಿದ್ದಾರಲ್ಲ, ಅದರ ಅಗತ್ಯವೂ ಇಲ್ಲ. ಕರೆಯುತ್ತಿರುವವಳು ನಾನು. ಆಹ್ವಾನ ಪತ್ರ, ಖರ್ಚು ನಮ್ಮದು ಎನ್ನುವ ಗ್ಯಾರಂಟಿ ಪತ್ರ, ದಿನಕ್ಕೊಂದರಂತೆ ಕಾರ್ಯಕ್ರಮದ ಪಟ್ಟಿ, ಇವನ್ನು ಇಲ್ಲಿಂದ ನಾವೇ ಬರೆಯಬೇಕು. ವಾರ್ಡ್ ಆಫೀಸಿನ ವಾಸದ ದಾಖಲೆ, ತೆರಿಗೆ ಸರ್ಟಿಫಿಕೇಟ್ ನಿಮ್ಮ ಅಳಿಯ ತರುತ್ತಾರೆ. ಎಲ್ಲ ಕೊರಿಯರ್ ಮಾಡುತ್ತೇನೆ. ಚಿಕ್ಕಪ್ಪ ಚಿಕ್ಕಮ್ಮನದ್ದೂ ಸೇರಿಸಿಯೇ. ನೀವು ಬೆಂಗಳೂರಿನಲ್ಲಿ ವೀಸಾ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕೇಂದ್ರದಲ್ಲಿ ಕೊಟ್ಟು ಬರಬೇಕು. ನನ್ನ ಬರ್ತ್ ಸರ್ಟಿಫಿಕೇಟ್ ಬೀರುವಿನ ಒಳಗಿನ ಲಾಕರಿನಲ್ಲಿದೆ, ಹುಡುಕಿಡಿ.

ವಿಮಾನಕ್ಕೆ ಅವರು ಎರಡು ಕಡೆ ಇಳಿದು ಹತ್ತುವ ದಾರಿ ಹಾಕಿದ್ದಾರೆ. ಬೆಂಗಳೂರಿನಿಂದ ಟೋಕಿಯೊದ ನರಿತಾ ವಿಮಾನ ನಿಲ್ದಾಣಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವೇ ಇದೆ. ಅವರ ವೆಬ್‌ಸೈಟಿನಲ್ಲೇ ಬುಕ್ ಮಾಡುತ್ತೇನೆ. ನಾಳೆ ತಾರೀಖು ಬದಲಿಸಬೇಕಾದರೂ ನೇರ ಅವರ ಹತ್ತಿರವೇ ಮಾತಾಡಬಹುದು. ಊಟಕ್ಕೆ ಹಿಂದೂ ಸಸ್ಯಾಹಾರ ಎಂದು ಮೊದಲೇ ಹಾಕಿಸುತ್ತೇನೆ. ಬಾಗಿಲಿನಿಂದ ಹೊರಗೆ ಬಂದಾಗ ನಾವು ಅಲ್ಲೇ ನಿಂತಿರುತ್ತೇವೆ.

ಚಿಕ್ಕಪ್ಪನಿಗೆ ಇದನ್ನು ಹೇಗೆ ಹೇಳುವುದು ಎಂಬುದೇ ನನಗೆ ಯೋಚನೆ. ಏಜೆಂಟರು ಅವರ ಸ್ನೇಹಿತರು, ಮಾತು ಕೊಟ್ಟಿರಬಹುದು. 'ಮಗಳು ಹಠ ಹಿಡಿದಿದ್ದಾಳೆ, ಅವಳೇ ಕರೆದುಕೊಂಡು ಸುತ್ತುತ್ತಾಳಂತೆ' ಎಂದು ನನ್ನ ಮೇಲೆ ಹಾಕಿಬಿಡಿ. ಚಿಕ್ಕಪ್ಪ ಚಿಕ್ಕಮ್ಮ ಮಲಗಲು ನಮ್ಮ ಮನೆ ಸಣ್ಣದಾದೀತು. ಸ್ಟೇಷನ್ ಹತ್ತಿರವೇ ಒಂದು ಬಿಸಿನೆಸ್ ಹೋಟೆಲಿದೆ, ಅದನ್ನು ಬುಕ್ ಮಾಡುವ ಮುಂಚೆ ಅವರನ್ನೇ ಒಂದು ಮಾತು ಕೇಳುತ್ತೇನೆ. ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ರೂಮನ್ನೇ ಹಿಡಿಯುತ್ತೇನೆ. ಪ್ಯಾಕೇಜಿನಲ್ಲಿ ಅದಿಲ್ಲ ಎಂದೂ ಹೇಳಿ. ಯಾರಿಗಾದರೂ ಹುಷಾರು ತಪ್ಪಿದರೆ ಅಡ್ವಾನ್ಸ್ ಹೋದ ಹಾಗೇ ಎಂದು ಆ ಹಾಳೆಯಲ್ಲಿ ಅವರೇ ಬರೆದಿದ್ದಾರೆ. ನಮ್ಮ ವಯಸ್ಸಾದವರಿಗೆ ಪ್ರಯಾಣದ ವಿಮೆ ಮಾತ್ರ ತಪ್ಪದೇ ಮಾಡಿಸೋಣ, ಅದಕ್ಕೆ ಲೆಕ್ಕ ನೋಡುವುದು ಬೇಡ.

ಈ ವಾರ ನಾಲ್ಕೂ ಜನದ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಫೋಟೋ ಕಳಿಸಿ. ಟಿಕೆಟಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಬೇಕು. ಅಮ್ಮನದರಲ್ಲಿ ಇನಿಷಿಯಲ್ ಇದೆಯೋ ತಾತನ ಪೂರ್ತಿ ಹೆಸರಿದೆಯೋ ನನಗೆ ನೆನಪಿಲ್ಲ.

ನಿಮ್ಮ ಪ್ರೀತಿಯ ಮಗಳು