ದಿಂಬಿನ ಕೆಳಗಿನ ಕುದುರೆ

ಪುಟ್ಟಿ,

ನಿನ್ನೆ ರಾತ್ರಿ ನಿನಗೆ ಹೊದಿಕೆ ಹೊದಿಸಲು ಬಂದಾಗ ದಿಂಬಿನ ಕೆಳಗಿಂದ ಒಂದು ಹಾಳೆ ಇಣುಕುತ್ತಿತ್ತು. ತೆಗೆದು ನೋಡಿಬಿಟ್ಟೆ. ನೀನು ಬಿಡಿಸಿದ ಕುದುರೆ. ಹಿಂದಿನ ಕಾಲುಗಳನ್ನು ಎಷ್ಟು ಸಲ ಅಳಿಸಿದ್ದೀಯೋ, ಅಲ್ಲಿ ಕಾಗದ ಇನ್ನೇನು ತೂತು ಬೀಳುವ ಹಾಗಿದೆ. ಮೂಲೆಯಲ್ಲಿ ಸಣ್ಣದಾಗಿ 'ಚೆನ್ನಾಗಿಲ್ಲ' ಅಂತ ನೀನೇ ಬರೆದಿದ್ದೆ. ಮೊದಲಿದ್ದ ಹಾಗೇ ಮಡಚಿಟ್ಟು ಬಂದೆ. ಆಮೇಲೆ ನಿದ್ದೆ ಬರಲಿಲ್ಲ.

ನಿನಗೆ ನಾಲ್ಕು ವರ್ಷವಿದ್ದಾಗ ಒಮ್ಮೆ ಲೋಟದ ವಿಷಯಕ್ಕೆ ರಂಪ ಮಾಡಿದ್ದೆ, ನೆನಪಿದೆಯಾ? ನಿನಗೂ ಅಕ್ಕನಿಗೂ ಒಂದೇ ತರಹದ ಲೋಟದಲ್ಲಿ ಸಮಸಮ ನೀರು ಕೊಟ್ಟಿದ್ದೆ. ಅಕ್ಕ ತನ್ನದನ್ನು ಒಂದು ಸಪೂರ ಲೋಟಕ್ಕೆ ಸುರಿದುಕೊಂಡಳು, ನಿನ್ನ ಕಣ್ಣೆದುರಿಗೇ. 'ಅವಳಿಗೆ ಜಾಸ್ತಿ' ಅಂತ ನೀನು ಒಂದೇ ಸಮ ಅತ್ತೆ. ಈಗ ನಿನಗೆ ಒಂಬತ್ತು. ಮೊನ್ನೆ ಅದೇ ಕಥೆ ಹೇಳಿದಾಗ ನೀನೇ ನನಗೆ ಬಿಡಿಸಿ ಹೇಳಿದೆ: 'ಅದು ಉದ್ದ ಇದೆ, ಆದ್ರೆ ಅಗಲ ಕಮ್ಮಿ ಅಲ್ವಾ ಅಮ್ಮಾ. ವಾಪಸ್ ಸುರಿದ್ರೆ ಅಷ್ಟೇ ಬರುತ್ತೆ.'

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಅನ್ನುವ ಮನಶ್ಶಾಸ್ತ್ರಜ್ಞರು ಮಕ್ಕಳ ಮುಂದೆ ಹೀಗೇ ನೀರು ಸುರಿದು ಅವರ ಉತ್ತರಗಳನ್ನು ಕೇಳಿಸಿಕೊಂಡರು. ಸುಮಾರು ಏಳು ವರ್ಷದ ಹೊತ್ತಿಗೆ ಮಕ್ಕಳು ಉದ್ದ, ಅಗಲ ಎರಡನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಸುರಿದದ್ದನ್ನು ಮನಸ್ಸಿನಲ್ಲೇ ವಾಪಸ್ ಸುರಿದು ನೋಡುತ್ತಾರೆ. ನಿನಗೆ ಯಾರೂ ಕೂರಿಸಿ ಕಲಿಸಲಿಲ್ಲ. ನೀನು ಅಷ್ಟು ದೊಡ್ಡವಳಾಗಿದ್ದೆ, ಅಷ್ಟೇ.

ಎರಡನ್ನು ಪಕ್ಕಪಕ್ಕ ಇಟ್ಟು ನೋಡುವ ಆ ಬುದ್ಧಿಯೇ ಈಗ ನಿನ್ನನ್ನು ನಿನ್ನ ಗೆಳತಿಯ ಪಕ್ಕ ನಿಲ್ಲಿಸುತ್ತಿದೆ ಅನ್ನಿಸುತ್ತದೆ. ಐದು ವರ್ಷದವಳಿದ್ದಾಗ 'ನನ್ನಷ್ಟು ಜೋರಾಗಿ ಯಾರೂ ಓಡಲ್ಲ' ಅನ್ನುತ್ತಿದ್ದವಳು ನೀನು. ಅದನ್ನು ಪೂರ್ತಿ ನಂಬಿದ್ದೆ. ಏಳೆಂಟು ವರ್ಷ ದಾಟಿದ ಮೇಲೆ ಮಕ್ಕಳು ತಮ್ಮನ್ನು ತಾವೇ ತೂಗಿ ನೋಡಲು ಶುರು ಮಾಡುತ್ತಾರೆ. ಯಾರು ಮುಂದೆ, ಯಾರು ಹಿಂದೆ, ಯಾರು ಯಾರನ್ನು ಆಟಕ್ಕೆ ಕರೆದರು. ಹೋದ ವಾರ ಆ ಗೆಳತಿ ಇನ್ನೊಬ್ಬಳ ಜೊತೆ ಗುಟ್ಟು ಮಾತಾಡಿಕೊಂಡು ನಿನ್ನನ್ನು ಸೇರಿಸಲಿಲ್ಲ ಅಂತ ಊಟ ಬಿಟ್ಟೆಯಲ್ಲ, ಅದೂ ಇದರದ್ದೇ ಭಾಗ. ಮೊದಲಾದರೆ ಜೊತೆಗೆ ಆಡಿದವರೆಲ್ಲ ಗೆಳತಿಯರು. ಈಗ ನಿನಗೆ ನಂಬಿಕೆಯೂ ಬೇಕು. ಅದಕ್ಕೇ ಅಷ್ಟು ನೋವಾಯಿತು.

ಮೈ ವಿಷಯಕ್ಕೂ ಹಾಗೇ. ಆ ಗೆಳತಿ ನಿನಗಿಂತ ಗೇಣುದ್ದ ಎತ್ತರ ಅಂತ ಬೇಜಾರಲ್ವಾ? ಬಾಗಿಲ ಪಕ್ಕದ ಪೆನ್ಸಿಲ್ ಗೆರೆಗಳನ್ನು ನೋಡು. ಹೋದ ವರ್ಷದ ಗೆರೆಗಿಂತ 5 ಸೆಂಟಿಮೀಟರ್ ಮೇಲಿದ್ದೀಯ. ಈ ವಯಸ್ಸಿಗೆ ವರ್ಷಕ್ಕೆ 5-6 ಸೆಂಟಿಮೀಟರ್ ಬೆಳೆದರೆ ಸರಿಯಾಗೇ ಬೆಳೆದ ಹಾಗೆ. ಆಮೇಲೆ ಸರ್ರನೆ ಎತ್ತರ ಆಗುವ ಕಾಲ ಒಂದು ಬರುತ್ತದೆ. ಒಬ್ಬಳಿಗೆ ಒಂಬತ್ತಕ್ಕೇ ಬಂದರೆ ಇನ್ನೊಬ್ಬಳಿಗೆ ಹನ್ನೆರಡಕ್ಕೆ ಬರಬಹುದು. ಎದೆ ಬೆಳೆಯುವುದೂ ಹಾಗೇ, 8ರಿಂದ 13ರ ಒಳಗೆ ಯಾವಾಗ ಶುರುವಾದರೂ ಸರಿಯೇ. ಆ ಬಗ್ಗೆ ಏನು ಕೇಳಬೇಕಿದ್ದರೂ ನನ್ನನ್ನೇ ಕೇಳು, ನಾಚಿಕೆ ಬೇಡ. ಹಾಲುಹಲ್ಲು ಇಪ್ಪತ್ತೂ ಬೀಳಲು ಹನ್ನೆರಡು ವರ್ಷದವರೆಗೂ ಹಿಡಿಯುತ್ತದೆ. ಎಲ್ಲರಿಗೂ ಒಂದೇ ದಿನ ಬೀಳುವುದಿಲ್ಲ. ಮತ್ತೆ ರಾತ್ರಿ ಕಡಿಮೆ ಅಂದರೂ ಒಂಬತ್ತು ತಾಸು ನಿದ್ದೆ ಮಾಡಬೇಕು, ಇದರಲ್ಲಿ ಮಾತ್ರ ನಾನು ಬಗ್ಗುವುದಿಲ್ಲ.

ಈಗ ನನ್ನ ತಪ್ಪು. ಒಂದು ದಿನ ನಿನ್ನ ಗೆಳತಿಯ ಚಿತ್ರ ನೋಡಿ, 'ನೋಡು, ಎಷ್ಟು ಚೆನ್ನಾಗಿ ಬಿಡಿಸಿದಾಳೆ' ಅಂದೆ. ನಿನ್ನ ಮುಖ ಸಣ್ಣದಾಗಿದ್ದು ಕಾಣಿಸಿತು. ಆದರೂ ಸುಮ್ಮನಿದ್ದೆ. ಕ್ಷಮಿಸು ಕಂದ. ಇನ್ನೊಂದೂ ಇದೆ. ಚಿಕ್ಕವಳಿದ್ದಾಗಿಂದ 'ನೀನು ಜಾಣೆ, ನೀನು ಜಾಣೆ' ಅಂತ ಹೊಗಳುತ್ತಾ ಬಂದೆ. 1998ರಲ್ಲಿ ಕ್ಲಾಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಸುಮಾರು ಹತ್ತು ವರ್ಷದ ಮಕ್ಕಳಿಗೆ ಒಗಟುಗಳನ್ನು ಕೊಟ್ಟು ಪರೀಕ್ಷೆ ಮಾಡಿದರು. ಕೆಲವರನ್ನು ಬುದ್ಧಿವಂತರು ಅಂತ ಹೊಗಳಿದರು, ಕೆಲವರನ್ನು ಚೆನ್ನಾಗಿ ಶ್ರಮಪಟ್ಟಿರಿ ಅಂತ. ಆಮೇಲೆ ಕಷ್ಟದ ಒಗಟು ಕೊಟ್ಟರೆ, ಬುದ್ಧಿವಂತರು ಅನ್ನಿಸಿಕೊಂಡವರೇ ಬೇಗ ಕೈಚೆಲ್ಲಿದರು. ಓದಿದಾಗ ಎದೆ ಧಸಕ್ಕೆಂದಿತು. ಜಾಣೆ ಅನ್ನಿಸಿಕೊಂಡವಳು ಕುಂಟು ಕುದುರೆಯನ್ನು ಹೇಗೆ ತೋರಿಸುತ್ತಾಳೆ? ದಿಂಬಿನ ಕೆಳಗೆ ಬಚ್ಚಿಡುತ್ತಾಳೆ.

ಅದಕ್ಕೆ ಜಾಣತನದ ಮಾತು ಬಿಟ್ಟು, ನನಗೆ ಕಂಡದ್ದನ್ನು ಹೇಳುತ್ತೇನೆ. ಕುದುರೆಯ ಹಿಂಗಾಲು ಬಿಡಿಸುವುದು ನಿಜಕ್ಕೂ ಕಷ್ಟ. ಅಲ್ಲಿ ಹಿಂದಕ್ಕೆ ಬಾಗಿದ ಹಾಗೆ ಕಾಣುವುದು ಮಂಡಿಯಲ್ಲ, ನಮ್ಮ ಪಾದದ ಕೀಲಿನ ಜಾಗ ಅದು. ಮಂಡಿ ಮೇಲೆ, ಹೊಟ್ಟೆಯ ಹತ್ತಿರ ಇರುತ್ತದೆ. ಎಡಗಾಲಿನಲ್ಲಿ ನೀನು ಮಂಡಿ ಅಂದುಕೊಂಡು ಮುಂದಕ್ಕೆ ಬಗ್ಗಿಸಿದ್ದೀಯ. ಬಲಗಾಲಿನಲ್ಲಿ, ಆ ತೆಳ್ಳಗಾದ ಜಾಗದಲ್ಲಿ, ಸರಿಯಾಗೇ ಹಿಂದಕ್ಕೆ ಬಾಗಿದೆ. ಅಳಿಸಿ ಅಳಿಸಿ ನೀನೇ ಕಂಡುಹಿಡಿದೆ.

ಹಾಳೆ ಅಲ್ಲೇ ಇದೆ. ಮೇಜಿನ ಮೇಲೆ ದಪ್ಪ ಕಾಗದ ಇಟ್ಟಿದ್ದೇನೆ, ಎಷ್ಟು ಅಳಿಸಿದರೂ ಹರಿಯಲ್ಲ.

ನಿನ್ನ
ಅಮ್ಮ